ಲೆಕ್ಕಕ್ಕೆ ಸಿಗದ ಮೆಮೊರಿ

"ಎಲ್ಲಿ ಬಚ್ಚಿಟ್ಟಿದ್ದೀಯ, ಹೇಳಿಬಿಡು."

ಹೊಸಬ ಕುರ್ಚಿಯಲ್ಲೇ ತಿರುಗಿದ. "ಏನನ್ನ ಮೇಡಂ?"

ಅವಳು ಪರದೆ ತೋರಿಸಿದಳು. ಹವಾಮಾನ ಕಚೇರಿಯ ಸರ್ವರ್‌ನಲ್ಲಿ ಮೆಮೊರಿ ಬಹುಪಾಲು ಭರ್ತಿ. ಪಟ್ಟಿಯಲ್ಲಿ ಓಡುತ್ತಿದ್ದ ಪ್ರೋಗ್ರಾಂಗಳೆಲ್ಲ ಸಣ್ಣಪುಟ್ಟವು. ಎಲ್ಲ ಕೂಡಿಸಿದರೂ ಕಾಲುಭಾಗ ದಾಟದು. ಉಳಿದದ್ದನ್ನು ಯಾರೋ ನುಂಗಿದ್ದರು. ಯಾರೋ ಏನು, ಇವನೇ.

"ಸ್ವಂತದ್ದೇನೋ ಓಡಿಸ್ತಿದ್ದೀಯ. ಪಟ್ಟೀಲಿ ಕಾಣದ ಹಾಗೆ."

"ಅಷ್ಟು ತಲೆ ಇದ್ದಿದ್ರೆ ಮಳೆ ಅಳೆಯೋ ಡಬ್ಬಿ ರಿಪೇರಿಗೆ ಯಾಕೆ ಅಲೀತಿದ್ದೆ? ನಾನು ಈ ಕುರ್ಚೀಲಿ ಕೂತಿದ್ದೇ ನಿಮ್ಮ ಕಣ್ಣಿಗೆ ಚುಚ್ತಿದೆ, ಅಷ್ಟೇ."

ಆ ಕುರ್ಚಿ ಅವಳ ಗಂಡನದು. ಬೆಟ್ಟದ ಕೇಂದ್ರಗಳಲ್ಲಿ ಫೋನ್ ಸಿಗುತ್ತಿರಲಿಲ್ಲ. ತಲುಪಿದ ಕೂಡಲೇ ಅವನು ಅಲ್ಲಿಯ ಯಂತ್ರದಿಂದ ಸರ್ವರ್‌ಗೆ ಒಂದು ಖಾಲಿ ಫೈಲ್ ಕಳಿಸುತ್ತಿದ್ದ. ತಲುಪಿದ ಗಳಿಗೆಯೇ ಅದರ ಹೆಸರು. ಅದು ಬಂದೊಡನೆ ಇವಳ ಮೇಜಿನ ಮೇಲೆ ಗಂಟೆ ಮೊಳಗುತ್ತಿತ್ತು. ಕೊನೆಯ ಸಲ ಹೊರಟ ಜೀಪು ಬೆಟ್ಟ ತಲುಪಲಿಲ್ಲ.

ಸಂಜೆಯೊಳಗೆ ಅವಳ ವರದಿ ಮೇಲಧಿಕಾರಿಗೆ ಹೋದರೆ ಹೊಸಬನ ಕೆಲಸ ಹೋದಂತೆಯೇ. ಅವನ ಹೆಂಡತಿ ತುಂಬು ಬಸುರಿ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಅನ್ನಿಸಲಿಲ್ಲ.

ಯಂತ್ರವನ್ನೆಲ್ಲ ಒಳಗಿಂದ ನಡೆಸುವ ತಿರುಳು ಪ್ರೋಗ್ರಾಂ, ಕರ್ನಲ್, ತನಗಾಗಿ ಎಷ್ಟು ಮೆಮೊರಿ ಇಟ್ಟುಕೊಂಡಿದೆ ಎಂದು ಸರ್ವರ್‌ನ್ನೇ ಕೇಳಿದಳು. ಕಾಣೆಯಾದದ್ದೆಲ್ಲ ಅಲ್ಲಿತ್ತು. ಫೈಲ್‌ಗಳ ಹೆಸರುಗಳು, ಬರೀ ಹೆಸರುಗಳು. ಯಾರಾದರೂ ಇಲ್ಲದ ಫೈಲ್ ಕೇಳಿದರೆ ಕರ್ನಲ್ 'ಇಲ್ಲ' ಎನ್ನುತ್ತದೆ. ಹಾಗೆ ಹೇಳಿದ್ದನ್ನೂ ನೆನಪಿಟ್ಟುಕೊಳ್ಳುತ್ತದೆ. ಇಲ್ಲಿ ತುಂಬಿದ್ದದ್ದು ಅಂಥ 'ಇಲ್ಲ'ಗಳೇ.

"ಸಿಕ್ಕಿಬಿದ್ದೆ. ಇಲ್ಲದ ಫೈಲ್ ಯಾರೋ ಬಿಡದೆ ಕೇಳ್ತಿದ್ದಾರೆ. ಯಾರು ಅಂತ ಈಗ ಗೊತ್ತಾಗತ್ತೆ."

"ನೋಡಿ, ಚೆನ್ನಾಗಿ ನೋಡಿ. ನನ್ನ ಹೆಸರು ಬಂದ್ರೆ ಈಗಲೇ ಚೀಲ ಎತ್ಕೊಂಡು ಹೊರಡ್ತೀನಿ." ಅವನು ನಕ್ಕ.

ಅವಳು ಕೀಲಿ ಒತ್ತಿದಳು. ಸಾಲುಗಳು ಇಳಿಯತೊಡಗಿದವು. ಕ್ಷಣಕ್ಕೊಂದು ಪ್ರಶ್ನೆ, ಪ್ರತಿ ಸಲವೂ ಆ ಗಳಿಗೆಯದೇ ಹೊಸ ಹೆಸರು, ಪ್ರತಿ ಸಲವೂ ಅದೇ ಉತ್ತರ.

ಹೊಸಬ ಬಾಗಿ ಓದಿದ. ಅವನ ನಗು ನಿಂತಿತು. ಮೆಲ್ಲಗೆ ಕುರ್ಚಿಯಿಂದ ಎದ್ದ.

"ಎಲ್ಲಿಗೆ ಓಡ್ತೀಯ?"

"ಓಡ್ತಿಲ್ಲ ಮೇಡಂ. ಸ್ವಲ್ಪ ಹೊತ್ತು ಹೊರಗಿರ್ತೀನಿ." ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸಿ, ಬಾಗಿಲು ಎಳೆದುಕೊಂಡು ಹೋದ.

ಅವಳು ಪರದೆಯತ್ತ ತಿರುಗಿದಳು: ಕೇಳುತ್ತಿದ್ದ ಪ್ರೋಗ್ರಾಂ ಅವಳದೇ, ಗಂಟೆ ಬಾರಿಸಲೆಂದು ಅವಳೇ ಬರೆದದ್ದು, ಜೀಪು ಹೊರಟ ಆ ಬೆಳಗಿನಿಂದ ಇನ್ನೂ ನಿಲ್ಲಿಸದೆ ಬಿಟ್ಟದ್ದು.