ದೊಡ್ಡ ಪರೀಕ್ಷೆ

ಹೆಣ್ಣು ಕೇಳಲು ಬಂದಾಗಿನ ಬಾಗಿಲು ತಟ್ಟುವ ಶಾಸ್ತ್ರಕ್ಕೆ ತಾನೇ ತಂದುಕೊಟ್ಟಿದ್ದ ಮದ್ಯದ ಬಾಟಲಿಯನ್ನು ಬಿರಾಗೊ ವಾಪಸ್ ಕೇಳಿದಳು. ಅವರ ಊರು ಕುಮಾಸಿಯಲ್ಲಿ ಗಂಡಿನ ತಾಯಿ ಹಾಗೆ ಕೇಳಿದರೆ ಸಂಬಂಧ ಮುರಿದಂತೆಯೇ. ಮಗ ಅಂಪೊನ್ಸಾ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ. ಹುಡುಗಿಯ ಮನೆಯವರು ಬಂದವರಿಗೆಂದು ಇಟ್ಟ ನೀರನ್ನು ಅವಳು ಮುಟ್ಟಲಿಲ್ಲ. ಈ ಮನೆಯ ಲೋಟದಿಂದ ಏನು ಅಂಟೀತೋ ಯಾರಿಗೆ ಗೊತ್ತು.

ಮದುವೆಗೆ ಮುಂಚೆ ಇಬ್ಬರೂ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಬೇಕೆಂಬುದು ಅವರ ಚರ್ಚಿನ ಕಟ್ಟಳೆ. ಹುಡುಗಿ ಫ್ರೇಮಾ ತೋರಿಸಿದ್ದು, ಚರ್ಚಿನ ಅಂಗಳದಲ್ಲಿ ಬೆರಳು ಚುಚ್ಚಿ ಕೊಟ್ಟ ಅಂಗೈಯಗಲದ ಚೀಟಿ. 'ನೆಗೆಟಿವ್' ಎಂದಿತ್ತು. ಬಿರಾಗೊಗೆ ನಗು ಬಂದಿತ್ತು. ಮಗನ ಅಂಗಿ ಒಗೆಯುವಾಗ ಅವಳಿಗೆ ಸಿಕ್ಕಿದ್ದು ದೊಡ್ಡಾಸ್ಪತ್ರೆಯ ಕಾಗದ. ವೈರಲ್ ಲೋಡ್, ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ಎಣಿಸುವ ಪರೀಕ್ಷೆ. ಫಲಿತಾಂಶ: ಪತ್ತೆಯಾಗಿಲ್ಲ. ಅದನ್ನವಳು ಮಾರುಕಟ್ಟೆಯ ಬಟ್ಟೆ ಸಾಲಿನವರಿಗೆಲ್ಲ ಓದಿ ಹೇಳಿದ್ದಳು.

ಬಚ್ಚಿಡುವುದು ಇದ್ದವರಿಗೆ ಚೀಟಿಯೇ ಸಾಕು ಎಂದು ಹುಡುಗಿಯ ಸೋದರಮಾವನ ಎದುರಿಗೇ ಅಂದಳು.

"ನನ್ನ ಮಗ ಮಾಡಿಸಿದ್ದನ್ನ ನೀನ್ಯಾಕೆ ಮಾಡಿಸಲಿಲ್ಲ, ತಾಯಿ?"

"ಡಾಕ್ಟರು ನನಗೆ ಅದನ್ನ ಬರೆದುಕೊಡಲಿಲ್ಲ ಅಮ್ಮ," ಎಂದಳು ಫ್ರೇಮಾ. ಆಮೇಲೆ ಅಂಪೊನ್ಸಾನ ಕಡೆ ತಿರುಗಿದಳು. "ಯಾಕೆ ಅಂತ ನೀನೇ ಹೇಳು."

ಅವನು ತನ್ನ ಚಪ್ಪಲಿಯನ್ನು ನೋಡುತ್ತ ಕೂತ. ಫ್ರೇಮಾ ಕಾದಳು. ಮಾವ ಏನೋ ಹೇಳಹೊರಟಾಗ ಬೇಡವೆಂದು ಕೈಯಾಡಿಸಿದಳು. ಕೊನೆಗೆ ಒಳಗೆ ಹೋಗಿ ಬಾಟಲಿ ತಂದು ಅವನ ಕೈಗೇ ಕೊಟ್ಟಳು.

ಟ್ಯಾಕ್ಸಿಯಲ್ಲಿ ಬಿರಾಗೊ ಬಾಯಿ ಮುಚ್ಚಲಿಲ್ಲ. ಹುಡುಗಿಯ ಮುಖ ಇಂಗು ತಿಂದ ಮಂಗನಂತಾಗಿತ್ತಂತೆ. ಇಂಥವಳು ಮನೆ ಸೇರಿದ್ದರೆ ವಂಶವೇ ಕೆಡುತ್ತಿತ್ತಂತೆ.

"ಅಮ್ಮ, ಆ ಪರೀಕ್ಷೆ ಮಾಡೋದು ರೋಗ ಇರೋರಿಗೆ," ಎಂದ ಅಂಪೊನ್ಸಾ, ಕಿಟಕಿಯಾಚೆ ನೋಡುತ್ತಲೇ. "ಮಾತ್ರೆ ತಗೋತಿದೀನಿ, ಅದಕ್ಕೇ ವೈರಸ್ ಲೆಕ್ಕಕ್ಕೆ ಸಿಕ್ಕಿಲ್ಲ. ಫ್ರೇಮಾಗೆ ಮೊದಲಿಂದ ಗೊತ್ತಿತ್ತು. ಲಸಿಕೆ ಹಾಕಿಸ್ಕೊಂಡು ಒಪ್ಪಿದ್ದಳು."

ಬಿರಾಗೊ ಮಗನ ಕಡೆ ತಿರುಗಿದಳು. ದನಿಯಲ್ಲಿ ಹಳೆಯ ಕೊಂಕು ಹಾಗೇ ಇತ್ತು.

"ಯಾವಳಿಂದ ಅಂಟಿಸ್ಕೊಂಡೆಯೋ?"

"ಹುಟ್ಟುವಾಗಲೇ ಬಂದಿರಬೇಕಂತೆ. ಡಾಕ್ಟರು ನಿನ್ನನ್ನೂ ಪರೀಕ್ಷೆಗೆ ಕರ್ಕೊಂಡು ಬಾ ಅಂದಿದ್ದಾರೆ."