ಮುಚ್ಚಳದ ಒಳಗಿನ ಗುರುತು

“ಸತ್ತ ಹೆಂಗಸಿನ ಕೈಯಲ್ಲಿತ್ತು,” ಎಂದು ಪೇದೆ ಆ ಚಿನ್ನದ ಕೈಗಡಿಯಾರವನ್ನು ಮೇಜಿನ ಮೇಲಿಟ್ಟದ್ದೇ ತಡ, ರಿಪೇರಿಯವನು ಎದ್ದುಹೋಗಿ ಅಂಗಡಿಯ ಬಾಗಿಲು ಮುಚ್ಚಿದ. ಪೇದೆಗೆ ಅಷ್ಟೇ ಸಾಕಾಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಅಂಗಡಿಯ ಹಿಂದೆಯೇ ಮನೆ. ಒಳಗಿನಿಂದ ಹೆಂಡತಿಯ ಕೂಗು ಬಂತು: “ಬಾಗಿಲು ಯಾಕ್ರೀ ಹಾಕಿದ್ರಿ? ಇವತ್ತು ತೆಗೆದೇ ಇರ್ಲಿ ಅಂದಿರ್ಲಿಲ್ವಾ?”

“ಧೂಳು ಕಣೇ.”

ಹೊರಗೆ ಎಲೆಯೂ ಅಲುಗುತ್ತಿರಲಿಲ್ಲ.

ಪೇದೆಗೆ ಇದು ಐದನೆಯ ಅಂಗಡಿ. ಬೆಳಗ್ಗೆ ಬಸ್ಸಿಳಿದು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಲಾರಿ ಬಡಿದಿತ್ತು. ಮುಖ ನೋಡಿ ಗುರುತು ಹಿಡಿಯುವಂತಿರಲಿಲ್ಲ. ಗಲಾಟೆಯಲ್ಲಿ ಬ್ಯಾಗನ್ನು ಯಾರೋ ಎತ್ತಿಬಿಟ್ಟಿದ್ದರು. ಉಳಿದದ್ದು ಈ ಹಳೆಯ ಗಡಿಯಾರವೊಂದೇ. ಆಸ್ಪತ್ರೆಯ ಪುಸ್ತಕದಲ್ಲಿ ಆಕೆಯ ಹೆಸರಿನ ಜಾಗ ಖಾಲಿ ಇತ್ತು. ಯಾರೂ ಸಿಗದಿದ್ದರೆ ಅನಾಥ ಶವವೆಂದು ಮಣ್ಣು ಮಾಡುವವರಿದ್ದರು. ಮನೆಯಲ್ಲಿ ಮೂವರು ತಂಗಿಯರಿದ್ದ ಪೇದೆಗೆ ಅದೊಂದು ಸಹಿಸಲಾಗದು.

“ಇದರ ಜಾತಕ ಸ್ವಲ್ಪ ಹೇಳಿ ಯಜಮಾನ್ರೇ. ಹಿಂದಿನ ಅಂಗಡಿಯವನು ಗಿಲೀಟು ಅಂದ.”

“ಅವನ ತಲೆ. ಅಪ್ಪಟ ಚಿನ್ನ.” ರಿಪೇರಿಯವನು ಅದನ್ನು ಹಕ್ಕಿಮರಿಯ ಹಾಗೆ ಅಂಗೈಯಲ್ಲಿ ಹಿಡಿದ. “ಎಂಬತ್ತು ವರ್ಷದ್ದು. ಹೆಂಗಸರಿಗೇ ಅಂತ ಮಾಡಿದ್ದು. ನಾವು ರಿಪೇರಿಯವ್ರು ಪ್ರತಿಸಲ ಮುಚ್ಚಳದ ಒಳಗೆ ಸೂಜೀಲಿ ಒಂದು ಗುರುತು ಗೀಚ್ತೀವಿ. ಇದರಲ್ಲಿ ಏಳಿವೆ. ಏಳೂ ಒಬ್ಬನವೇ.”

ಮುಚ್ಚಳವನ್ನು ಅವನಿನ್ನೂ ತೆಗೆದೇ ಇರಲಿಲ್ಲ.

“ಬಿಚ್ಚದೆಯೇ ಎಣಿಸಿದ್ರಲ್ಲ!” ಪೇದೆ ಮುಂದಕ್ಕೆ ಬಾಗಿದ. “ಅಂಜನ ಹಾಕಿ ನೋಡಿದ್ರಾ?”

ರಿಪೇರಿಯವನು ಮುಚ್ಚಳ ತೆಗೆದು, ಭೂತಗನ್ನಡಿಯನ್ನು ಪೇದೆಯ ಕೈಗಿತ್ತ. ಏಳು ಪುಟ್ಟ ನಕ್ಷತ್ರಗಳು. ಕತ್ತೆತ್ತಿದರೆ ಗೋಡೆಯ ಬೋರ್ಡಿನ ಮೇಲೂ ಅದೇ ನಕ್ಷತ್ರ.

“ನಿಮ್ಮದೇ ಕೈ! ಯಾರದಿದು? ಹೆಸರು ಹೇಳ್ಬಿಡಿ.”

“ಒಂದು ಗಳಿಗೆ ತಡೀರಿ ಸಾರ್. ನಾನು ಹೇಳೋ ತನಕ ಆಕೆ ಯಾರೂ ಅಲ್ಲ.”

ಗಾಜಿನ ಬಿರುಕಿನಲ್ಲಿ ಒಣಗಿದ್ದ ರಕ್ತವನ್ನು ಅವನು ಅಂಗಿಯ ತುದಿಯಿಂದ ಒರೆಸಿದ. ಕೀಲಿ ಕೊಟ್ಟ. ಕಿವಿಗಿಟ್ಟುಕೊಂಡ. ಮತ್ತೆ ಕೀಲಿ ಕೊಟ್ಟ. “ಹೋದ ತಿಂಗಳಷ್ಟೇ ತೊಳೆದು ಕೊಟ್ಟಿದ್ದೆ,” ಎಂದು ತನ್ನಷ್ಟಕ್ಕೆ ಗೊಣಗಿದ.

ಪೇದೆಯ ತಾಳ್ಮೆಯ ಕಟ್ಟೆ ಒಡೆಯಿತು. “ಯಾರನ್ನ ಬಚ್ಚಿಡ್ತಿದೀರಿ? ಇರ್ಲಿ, ಒಳಗಿರೋ ಅಮ್ಮನ್ನೇ ಕೇಳ್ತೀನಿ,” ಎಂದು ಎದ್ದ.

ರಿಪೇರಿಯವನು ಅವನ ತೋಳನ್ನು ಎರಡೂ ಕೈಗಳಿಂದ ಹಿಡಿದುಕೊಂಡ.

“ಮೆಲ್ಲಗೆ ಸಾರ್. ಇದು ನನ್ನ ಹೆಂಡತಿಯ ಅಜ್ಜಿಯ ಗಡಿಯಾರ. ಇವತ್ತಿನ ಬಸ್ಸಿಗೆ ನಮ್ಮ ಮಗಳು ಇದನ್ನ ಕಟ್ಕೊಂಡು ಬರ್ತಾಳೆ ಅಂತಲೇ ಅವಳು ಬಾಗಿಲು ತೆಗೆಸಿ ಇಟ್ಟಿದಾಳೆ.”