ಇಂಗೆ ಇಲ್ಲೆ

“ಇಂಗೆ ಇಲ್ಲೆ, ಅಣ್ಣಾ,” ಎಂದ ಬೋರ್ ಗಾಡಿಯ ಸೆಲ್ವರಾಜ, ಮುಖದ ಮೇಲಿನ ಕಲ್ಲುಪುಡಿ ಒರೆಸಿಕೊಳ್ಳುತ್ತ.

ಹೊಲದ ಧಣಿ ಗುರಣ್ಣ ನೆರೆದವರತ್ತ ತಿರುಗಿ ಮೀಸೆಯ ಮೇಲೆ ಕೈಯಾಡಿಸಿದ. “ಕೇಳಿದ್ರೇನು? ಹಿಂಗ, ಇಲ್ಲೇ ಅಂತ. ನೀರು ಇಲ್ಲೇ ಅದ ಅನ್ನಾಕತ್ತಾನ. ಇನ್ನೂ ಕೆಳಗ ಹೊಡೀರಿ.”

ತೊಗರಿ ಲಾರಿಯ ಜೊತೆ ಒಮ್ಮೆ ಸೇಲಂಗೆ ಹೋಗಿ ಬಂದದ್ದೇ ತಡ, ಈ ಮಹಾಶಯನಿಗೆ ತಮಿಳು ಬಂದುಬಿಟ್ಟಿತ್ತು. ಅದರಲ್ಲಿ ಕಲಿಯುವುದಾದರೂ ಏನಿದೆ, ನಮ್ಮ ಕನ್ನಡವನ್ನೇ ಮೂಗಿನಲ್ಲಿ ಮಾತಾಡಿದರೆ ಆಯಿತು ಎಂದು ಗೊಬ್ಬೂರಿನ ಚಹಾದಂಗಡಿಯಲ್ಲಿ ಸಾರುತ್ತಿದ್ದ. ಬೆಳಿಗ್ಗೆ ಗಾಡಿಯವರು ಅನ್ನ ಸಾರು ಕಲಸಿ ಉಣ್ಣುವುದನ್ನು ನೋಡಿ, ರೊಟ್ಟಿ ತಿನ್ನದವರಿಗೆ ಬುದ್ಧಿ ಎಲ್ಲಿಂದ ಬರಬೇಕು ಎಂದು ಅವರೆದುರೇ ಹಲ್ಲು ಕಿಸಿದಿದ್ದ. ಪಾಪ, ಸೆಲ್ವರಾಜ ಈ ಕಡೆಗೆ ಹೊಸಬ. ತಮಿಳು ಬಿಟ್ಟರೆ ಅವನಿಗೆ ಬೇರೆ ಭಾಷೆ ಬಾರದು.

ಗುರಣ್ಣನ ಹೆಂಡತಿ ಶಿವಕಾಂತಾ ಹೊಲದ ಆ ತುದಿಯ ತಗ್ಗಿನಲ್ಲಿ ನಿಂತಿದ್ದಳು. ಅಲ್ಲಿ ಅವಳು ಹಚ್ಚಿದ ನಿಂಬೆ ಸಸಿಗಳಿದ್ದವು. ಹಳ್ಳದಿಂದ ಕೊಡ ಹೊತ್ತು ಹೊತ್ತು ನಡು ಬಿದ್ದುಹೋಗಿತ್ತು, ಈಗ ಹಳ್ಳವೂ ಬತ್ತುತ್ತಿತ್ತು. ಬೋರಿಗೆ ನೀರು ಬೀಳದಿದ್ದರೆ ಸಸಿಗಳು ಉಳಿಯುವ ಮಾತೇ ಇರಲಿಲ್ಲ. ಈ ತಗ್ಗಿನಲ್ಲೇ ಹೊಡೆಸಿರಿ ಎಂದು ಅವಳು ಗಂಡನಿಗೆ ಅಂಗಲಾಚಿದ್ದಳು. ಗುರಣ್ಣನಿಗೆ ಬೇಕಾದದ್ದು ನೀರಲ್ಲ; ಅದು ಚಿಮ್ಮುವುದನ್ನು ಅಫಜಲಪುರದ ಬಸ್ಸಿನಲ್ಲಿ ಕೂತವರು ಕತ್ತು ಹೊರಗೆ ಹಾಕಿ ನೋಡಬೇಕಿತ್ತು. ಅದಕ್ಕೇ ರಸ್ತೆ ಬದಿಯ ದಿಬ್ಬದ ಮೇಲೆ ಗಾಡಿ ನಿಲ್ಲಿಸಿದ್ದ.

ಸೆಲ್ವರಾಜ ಮತ್ತೆ ಬಂದ. ತಲೆ ಅಡ್ಡಡ್ಡ ಆಡಿಸಿ “ತಣ್ಣಿ ಇಲ್ಲೆ” ಎಂದ, ತಗ್ಗಿನ ಕಡೆ ಕೈ ಚಾಚಿದ. ಅದು ಶಿವಕಾಂತಾಳ ಕಣ್ಣಿಗೆ ಬಿತ್ತು. ಸೆರಗು ಬಿಗಿದುಕೊಂಡು ದಿಬ್ಬದ ಮೇಲೆ ಓಡಿ ಬಂದಳು.

“ಏನ್ರಿ, ಅಂವ ಕೈ ತಗ್ಗಿನ ಕಡಿ ಮಾಡಾಕತ್ತಾನ್ರಿ.”

“ಸುಮ್ಕಿರು. ತಣ್ಣೀರು ಇಲ್ಲೇ ಅಂತಾನ. ಅಡಗಿ ಮನ್ಯಾಗ ಇರಾಕಿಗೆ ತಮಿಳು ಏನ್ ತಿಳೀತದ?”

ನೆರೆದವರು ನಕ್ಕರು. ಗುರಣ್ಣ ಇನ್ನೊಂದು ಕಾಯಿ ಒಡೆದ. ಇನ್ನೊಂದು ಪೈಪು ಇಳಿಯಿತು, ಮತ್ತೊಂದು ಇಳಿಯಿತು. ಮೇಲೆ ಬಂದದ್ದು ಬರೀ ಧೂಳು. ಅದು ಗುರಣ್ಣನ ಬಿಳಿ ಅಂಗಿಯ ಮೇಲೂ ಕೂತಿತು.

ಹೊತ್ತು ಇಳಿಯುವಾಗ ಏಜೆಂಟ್ ಖುರ್ಷಿದ ಮೋಟರ್ ಸೈಕಲ್ ಮೇಲೆ ಬಂದ. ತಮಿಳರ ಬೋರ್ ಗಾಡಿಗಳಿಗೆ ಈ ಕಡೆಯ ಗಿರಾಕಿ ಹುಡುಕಿಕೊಡುವವನು ಅವನೇ. ಸೆಲ್ವರಾಜನ ಮಾತು ಕೇಳಿ ಹಣೆ ಬಡಿದುಕೊಂಡ.

“ಸಾವಕಾರ್ರ, ಇಲ್ಲೆ ಅಂದ್ರ ಅವರ ಮಾತಿನ್ಯಾಗ ಇಲ್ಲ ಅಂತ್ರಿ. ಇಲ್ಲಿ ನೀರಿಲ್ಲ, ಆ ತಗ್ಗಿನ್ಯಾಗ ಹೊಡಿಯೋಣು ಅಂತ ಮುಂಜಾನಿಂದ ಹೇಳಾಕತ್ತಾನಂತ.”

ಈಗಲಾದರೂ ಗಾಡಿ ತಗ್ಗಿಗೆ ಇಳಿಸಬಾರದೇ ಎಂದು ಶಿವಕಾಂತಾ ಕೈ ಮುಗಿದಳು. ಹೊತ್ತು ಮೀರಿತ್ತು. ಜೇವರ್ಗಿಯಲ್ಲಿ ಜನ ಸರದಿ ಹಿಡಿದು ಕಾಯುತ್ತಿದ್ದಾರೆ, ಗಾಡಿ ಮತ್ತೆ ಈ ಕಡೆ ಬರುವುದು ಬೇಸಿಗೆ ಕಳೆದ ಮೇಲೆಯೇ ಎಂದ ಖುರ್ಷಿದ. ಪೈಪು ಕಟ್ಟಿಕೊಂಡು ಗಾಡಿ ಹೋಯಿತು. ನೆರೆದವರು ಬಾಯಿಗೆ ಟವೆಲ್ ಅಡ್ಡ ಹಿಡಿದು ಚದುರಿದರು.

ಗುರಣ್ಣನ ಮೀಸೆ ಮಾತ್ರ ಇಳಿಯಲಿಲ್ಲ. “ತಪ್ಪು ಅವರದೇ. ಕನ್ನಡ ನೆಲದಾಗ ಅನ್ನ ತಿಂತಾರ, ಕನ್ನಡದಾಗ ಹೇಳಾಕ ಏನು ಧಾಡಿ? ಕನ್ನಡದಾಗ ಹೇಳಿದ್ರ ನಾ ಕೇಳ್ತಿದ್ದಿಲ್ಲೇನು?”

ಶಿವಕಾಂತಾ ಖಾಲಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು.

“ಅಂವ ತಮಿಳಿನ್ಯಾಗ ಹೇಳಿದ, ತಿಳೀಲಿಲ್ಲ, ಬಿಡ್ರಿ. ನಾ ಯಾವ ಭಾಷಾದಾಗ ಹೇಳಿದ್ದೆ?”